ಸ್ವಾತಂತ್ರ್ಯ ಸಾರಿದ ಇಂಡೋನೇಷ್ಯಾವನ್ನು ಡಚ್ಚರು ಮತ್ತೆ ಹಿಡಿಯಲು ಹೋದ 4 ವರ್ಷ: ಕೊನೆಗೆ ಅವರನ್ನು ಹೊರಗೆ ಹಾಕಿದ್ದು ಯಾವುದು?

ಹಳೇಪೇಟೆ_ಓದುಗ:
ಗೆಳೆಯರೇ, ಈ ವಿಷಯದ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಕಡಿಮೆ. ಅದಕ್ಕೇ ಇಲ್ಲಿ ಎತ್ತುತ್ತಿದ್ದೇನೆ.

1945ರ ಆಗಸ್ಟ್ 15ಕ್ಕೆ ಜಪಾನ್ ಸೋತು ಕೈ ಎತ್ತಿತು. ಎರಡೇ ದಿನದಲ್ಲಿ, ಆಗಸ್ಟ್ 17ರ ಬೆಳಿಗ್ಗೆ, ಜಕಾರ್ತದ ಒಂದು ಮನೆಯ ಅಂಗಳದಲ್ಲಿ ನಿಂತು ಸುಕರ್ಣೋ ಇಂಡೋನೇಷ್ಯಾ ಸ್ವತಂತ್ರ ಎಂದು ಓದಿ ಹೇಳಿದರು. ಪಕ್ಕದಲ್ಲಿ ಅವರ ಜೊತೆಗಾರ ನಾಯಕ ಹತ್ತಾ ಇದ್ದರು. ಆ ದ್ವೀಪಗಳನ್ನು ಆಳುತ್ತಿದ್ದ ಡಚ್ಚರು 1942ರಲ್ಲೇ ಜಪಾನಿಗೆ ಶರಣಾಗಿ ಅಧಿಕಾರ ಕಳೆದುಕೊಂಡಿದ್ದರು. ಆದರೂ ಯುದ್ಧ ಮುಗಿದ ಕೂಡಲೇ ‘ಇದು ನಮ್ಮ ಆಸ್ತಿ’ ಎಂದು ವಾಪಸ್ ಬಂದರು. 1947ರ ಜುಲೈನಲ್ಲಿ ಒಮ್ಮೆ, 1948ರ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ದೊಡ್ಡ ದಾಳಿ ಮಾಡಿದರು. ಎರಡಕ್ಕೂ ಅವರು ಇಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ. ವಿಮಾನ, ಟ್ಯಾಂಕ್, ಪ್ಯಾರಾಚೂಟ್ ಪಡೆ ಎಲ್ಲವೂ ಇದ್ದವು. ಎರಡು ಸಲವೂ ಅವರು ಅಂದುಕೊಂಡ ಊರುಗಳೆಲ್ಲ ಅವರ ಕೈಗೆ ಸಿಕ್ಕವು. ಆದರೂ 1949ರ ಡಿಸೆಂಬರ್ 27ಕ್ಕೆ ಅಧಿಕಾರ ಬಿಟ್ಟುಕೊಟ್ಟು ಹೋದರು.

ನನ್ನನ್ನು ಕಾಡುವುದು ಇದೇ. ಹೆಚ್ಚಿನ ಬರಹಗಳಲ್ಲಿ ‘ಅಮೆರಿಕ ದುಡ್ಡು ನಿಲ್ಲಿಸುತ್ತೇನೆ ಎಂದಿತು, ಡಚ್ಚರು ಹೆದರಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಅರ್ಧ ಕತೆ ಅನಿಸುತ್ತದೆ. ನೀವೇನಂತೀರಿ?

ನಿವೃತ್ತ_ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಶುರುವಿನಿಂದ ಬರೋಣ.

ಡಚ್ಚರಿಗೆ ವಾಪಸ್ ಬರುವ ಆತುರ ಯಾಕಿತ್ತು? ಜರ್ಮನಿ 5 ವರ್ಷ ಅವರ ನಾಡನ್ನು ತುಳಿದಿತ್ತು. ಊರುಗಳು ಹಾಳಾಗಿದ್ದವು, ಬೊಕ್ಕಸ ಬರಿದಾಗಿತ್ತು. ಸಕ್ಕರೆ, ರಬ್ಬರ್, ಚಹಾ, ಎಣ್ಣೆ ಎಲ್ಲ ಜಾವಾ, ಸುಮಾತ್ರಾದಿಂದಲೇ ಬರಬೇಕಿತ್ತು. ಆ ದ್ವೀಪಗಳು ಕೈ ತಪ್ಪಿದರೆ ತಾವು ಸಣ್ಣ ಬಡ ದೇಶವಾಗಿ ಉಳಿದುಬಿಡುತ್ತೇವೆ ಎಂಬ ಭಯ ಅಲ್ಲಿನ ಸಾಮಾನ್ಯ ಜನರಿಗೂ ಇತ್ತು. 1947ರ ದಾಳಿಗೆ ಸೈನ್ಯದೊಳಗೆ ಇಟ್ಟ ಹೆಸರೇ ‘ಆಪರೇಷನ್ ಪ್ರಾಡಕ್ಟ್’. ತೋಟ, ಸಕ್ಕರೆ ಕಾರ್ಖಾನೆ, ಬಂದರು, ಎಣ್ಣೆ ಬಾವಿ ಹಿಡಿಯುವುದೇ ಅದರ ಗುರಿ.

ಆದರೆ 1945ರಲ್ಲಿ ಅವರ ಹತ್ತಿರ ಕಳಿಸಲು ಸೈನ್ಯವೇ ಇರಲಿಲ್ಲ. ಹಾಗಾಗಿ ಮೊದಲು ಹೋದದ್ದು ಬ್ರಿಟಿಷರು. ಜಪಾನಿ ಸೈನಿಕರ ಆಯುಧ ಇಳಿಸುವುದು, ಸೆರೆಶಿಬಿರಗಳಲ್ಲಿದ್ದ ಯುರೋಪಿಯನ್ನರನ್ನು ಬಿಡಿಸುವುದು ಅವರ ಕೆಲಸ. ಬ್ರಿಟಿಷರು ಅಂದರೂ, ದೋಣಿ ಇಳಿದು ಬಂದೂಕು ಹಿಡಿದು ನಡೆದವರಲ್ಲಿ ಬಹುಪಾಲು ಭಾರತದ ಸೈನಿಕರು. ಇದನ್ನು ನಾವು ಮರೆಯಬಾರದು.

ಒಂದು ಘಟನೆ ಹೇಳುತ್ತೇನೆ. 1945ರ ಸೆಪ್ಟೆಂಬರ್ 19. ಜಾವಾದ ಬಂದರು ಊರು ಸುರಬಾಯದ ಯಮಾತೊ ಹೋಟೆಲಿನ ಮೇಲೆ ಕೆಲವು ಡಚ್ಚರು ತಮ್ಮ ಕೆಂಪು, ಬಿಳಿ, ನೀಲಿ ಬಾವುಟ ಹಾರಿಸಿದರು. ಊರಿನ ಹುಡುಗರು ಗುಂಪು ಸೇರಿದರು, ಗಲಾಟೆಯಾಯಿತು. ಕೆಲವರು ಮೇಲೆ ಹತ್ತಿ ಬಾವುಟ ಇಳಿಸಿ, ಕೆಳಗಿನ ನೀಲಿ ಪಟ್ಟಿ ಹರಿದುಹಾಕಿ, ಉಳಿದದ್ದನ್ನು ಮತ್ತೆ ಏರಿಸಿದರು. ಉಳಿದದ್ದು ಕೆಂಪು, ಬಿಳಿ. ಇಂಡೋನೇಷ್ಯಾದ ಬಾವುಟ ಅದೇ ತಾನೇ. ಆ ಹೋಟೆಲ್ ಈಗಲೂ ಬೇರೆ ಹೆಸರಿನಲ್ಲಿ ಅಲ್ಲೇ ಇದೆ.

ಕ್ಯಾಂಪ್_ಬೆಳಗಾವಿ:
ಮೇಷ್ಟ್ರೇ, ಸುರಬಾಯದ ಹೆಸರು ತೆಗೆದಿರಿ, ಇನ್ನು ನಾನು ಸುಮ್ನೆ ಇರುವುದಕ್ಕೆ ಆಗುವುದಿಲ್ಲ. ಆ ಊರಿಗೂ ನಮ್ಮ ಬೆಳಗಾವಿಗೂ ನೇರ ನಂಟಿದೆ.

ಅಕ್ಟೋಬರ್ 25ಕ್ಕೆ ಸುರಬಾಯದಲ್ಲಿ ಇಳಿದದ್ದು 49ನೇ ಭಾರತೀಯ ಬ್ರಿಗೇಡ್. ಅದರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ತುಕಡಿಗಳಿದ್ದವು, ಜೊತೆಗೆ ರಾಜಪುತಾನಾ ರೈಫಲ್ಸ್. ಮರಾಠಾ ರೆಜಿಮೆಂಟಿನ ಸೆಂಟರ್ 1922ರಿಂದ ಬೆಳಗಾವಿಯಲ್ಲೇ ಇದೆ. ನಾನು ಬೆಳೆದದ್ದು ಅದರ ಆಸುಪಾಸಿನಲ್ಲೇ. ನಮ್ಮ ಓಣಿಯ ಹಳೆ ಸುಬೇದಾರರು ಬರ್ಮಾ ಮಾತು ಆಡುತ್ತಿದ್ದರು, ಇಟಲಿಯ ಚಳಿ ನೆನೆಸಿಕೊಳ್ಳುತ್ತಿದ್ದರು. ಜಾವಾ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿದ್ದು ನಾನು ಕೇಳಿಲ್ಲ.

ಅಲ್ಲಿ ಆದದ್ದು ಹೀಗೆ. ಆ ಬ್ರಿಗೇಡಿನ ಮುಖ್ಯಸ್ಥ, ಬ್ರಿಗೇಡಿಯರ್ ಮಲ್ಲಾಬಿ, ಊರಿನ ನಾಯಕರ ಜೊತೆ ಮಾತಾಡಿ ಒಂದು ಒಪ್ಪಂದಕ್ಕೆ ಬಂದಿದ್ದರು. ಅಷ್ಟರಲ್ಲಿ ಅಕ್ಟೋಬರ್ 27ಕ್ಕೆ ಜಕಾರ್ತದಿಂದ ಬಂದ ಬ್ರಿಟಿಷ್ ವಿಮಾನ ಊರ ಮೇಲೆ ಚೀಟಿ ಉದುರಿಸಿತು. 48 ಗಂಟೆಯೊಳಗೆ ಆಯುಧ ಒಪ್ಪಿಸಿ, ಇಲ್ಲದಿದ್ದರೆ ಗುಂಡು ಎಂಬ ಎಚ್ಚರಿಕೆ. ಹೀಗೊಂದು ಚೀಟಿ ಬರುತ್ತದೆಂದು ಮಲ್ಲಾಬಿಗೇ ಗೊತ್ತಿರಲಿಲ್ಲ. ಊರಿಗೆ ಇದು ದ್ರೋಹ ಅನಿಸಿತು. ಮರುದಿನ ಸಾವಿರಾರು ಜನ ನುಗ್ಗಿದರು. ಕೆಲವರ ಕೈಯಲ್ಲಿ ಜಪಾನಿಯರಿಂದ ಕಿತ್ತುಕೊಂಡ ಬಂದೂಕು, ಕೆಲವರ ಕೈಯಲ್ಲಿ ತುದಿ ಚೂಪು ಮಾಡಿದ ಬಿದಿರಿನ ಗಳ. ಊರ ತುಂಬ ಸಣ್ಣ ಸಣ್ಣ ಗುಂಪಾಗಿ ಹಂಚಿಹೋಗಿದ್ದ ನಮ್ಮ ಸೈನಿಕರು ಅಲ್ಲಲ್ಲೇ ಸಿಕ್ಕಿಹಾಕಿಕೊಂಡರು. ಗುಂಡು ಮುಗಿದ ಮೇಲೆ ಎಷ್ಟೋ ಜನ ಅಲ್ಲೇ ಸತ್ತರು.

29ಕ್ಕೆ ಸುಕರ್ಣೋ ಅವರನ್ನೇ ವಿಮಾನದಲ್ಲಿ ಕರೆಸಿ ಕದನ ನಿಲ್ಲಿಸಬೇಕಾಯಿತು. 30ರ ಸಂಜೆ ಕೆಂಪು ಸೇತುವೆ ಹತ್ತಿರ, ಇಂಟರ್‌ನಾಶಿಯೊ ಎಂಬ ಕಟ್ಟಡದ ಮುಂದೆ, ಮಲ್ಲಾಬಿ ತಮ್ಮ ಕಾರಿನಲ್ಲೇ ಸತ್ತರು. ಆ ಕಟ್ಟಡದೊಳಗೆ ಇದ್ದದ್ದು ಮರಾಠಾ ಕಂಪನಿ. ನವೆಂಬರ್ 10ಕ್ಕೆ ಬ್ರಿಟಿಷರು 5ನೇ ಭಾರತೀಯ ಡಿವಿಷನ್ ಇಳಿಸಿ, ಸಮುದ್ರದಿಂದ ಹಡಗಿನ ಫಿರಂಗಿ, ಮೇಲಿಂದ ವಿಮಾನ, ಎಲ್ಲವನ್ನೂ ಊರ ಮೇಲೆ ಬಿಟ್ಟರು. ರೇಡಿಯೋದಲ್ಲಿ ಬುಂಗ್ ತೊಮೊ ಎಂಬ ಯುವಕ ದಿನಾ ಜನರನ್ನು ಹುರಿದುಂಬಿಸುತ್ತಿದ್ದ. ಊರು ಸುಮಾರು 3 ವಾರ ಬಗ್ಗಲಿಲ್ಲ. ಸತ್ತ ಸ್ಥಳೀಯರ ಲೆಕ್ಕ ಸಾವಿರಗಳಲ್ಲಿ. ಇವತ್ತಿಗೂ ನವೆಂಬರ್ 10 ಅಲ್ಲಿ ವೀರರ ದಿನ.

ಯೋಚನೆ ಮಾಡಿ. ಒಂದು ಗುಲಾಮ ದೇಶದ ರೈತರ ಮಕ್ಕಳನ್ನು ಹಡಗು ಹತ್ತಿಸಿ, ಇನ್ನೊಂದು ಗುಲಾಮ ದೇಶ ಬಿಡುಗಡೆ ಆಗದಂತೆ ತಡೆಯಲು ಕಳಿಸಿದ್ದು. ಜಕಾರ್ತದ ಮೆಂಟೆಂಗ್ ಪುಲೋ ಯುದ್ಧ ಸ್ಮಶಾನದಲ್ಲಿ ಆ ಭಾರತೀಯ ಸೈನಿಕರ ಸಮಾಧಿಗಳಿವೆ. ಪಕ್ಕದಲ್ಲೇ ಡಚ್ಚರ ಸ್ಮಶಾನ.

ಹಳೇಪೇಟೆ_ಓದುಗ:
ಅಣ್ಣ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಆ ಸೈನಿಕರಲ್ಲಿ ಕೆಲವರು ಇಂಡೋನೇಷ್ಯಾದವರ ಕಡೆಗೇ ಹೋದರು ಎಂದು ಕೇಳಿದ್ದೇನೆ. ನಿಜವೇ?

ಕ್ಯಾಂಪ್_ಬೆಳಗಾವಿ:
ನಿಜ. ನೂರಾರು ಜನ ಹೋದರು, ಅವರಲ್ಲಿ ಮುಸ್ಲಿಂ ಸೈನಿಕರು ಜಾಸ್ತಿ. ಕೆಲವರು ಅಲ್ಲೇ ಮದುವೆಯಾಗಿ ಉಳಿದರು. ಇತ್ತ ನಮ್ಮ ದೇಶದಲ್ಲೂ ಸಿಟ್ಟು ಎದ್ದಿತ್ತು. ನಮ್ಮ ಸೈನಿಕರನ್ನು ಅಲ್ಲಿಂದ ವಾಪಸ್ ಕರೆಸಿ ಎಂದು ನೆಹರೂ ಮತ್ತು ಕಾಂಗ್ರೆಸ್ 1945ರ ಕೊನೆಯಲ್ಲೇ ಗಟ್ಟಿಯಾಗಿ ಕೇಳಿದರು. 1946ರ ನವೆಂಬರ್ ಕೊನೆಗೆ ಬ್ರಿಟಿಷ್ ಪಡೆ ಪೂರ್ತಿ ಹೊರಟುಹೋಯಿತು. ಆ ಒಂದು ವರ್ಷದ ಮರೆಯಲ್ಲಿ ಡಚ್ಚರು ತಮ್ಮ ಸೈನ್ಯ ತಂದು ಇಳಿಸಿಕೊಂಡಿದ್ದರು.

ಕರಾವಳಿ_ಗಾಳಿ:
ಸಮುದ್ರದ ಕಡೆಯ ಕತೆಯನ್ನೂ ಸೇರಿಸುತ್ತೇನೆ.

ಆಸ್ಟ್ರೇಲಿಯಾದ ಬಂದರುಗಳಲ್ಲಿ ಡಚ್ ಹಡಗುಗಳು ಸೈನಿಕರನ್ನೂ ಆಯುಧವನ್ನೂ ತುಂಬಿಕೊಂಡು ಜಾವಾಕ್ಕೆ ಹೊರಡಲು ನಿಂತಿದ್ದವು. 1945ರ ಸೆಪ್ಟೆಂಬರ್‌ನಲ್ಲಿ ಮೊದಲು ಆ ಹಡಗುಗಳಲ್ಲಿದ್ದ ಇಂಡೋನೇಷ್ಯಾ ನಾವಿಕರು ಇಳಿದುಬಿಟ್ಟರು. ಬಂದರು ಕಾರ್ಮಿಕರು ಸರಕು ಮುಟ್ಟುವುದಿಲ್ಲ ಎಂದರು. ಅವರ ಜಾಗಕ್ಕೆ ತಂದ ಭಾರತೀಯ ನಾವಿಕರಲ್ಲೂ ಎಷ್ಟೋ ಜನ ಕೆಲಸ ಮಾಡಲು ಒಪ್ಪಲಿಲ್ಲ. ಸಂಬಳ ಬಿಟ್ಟು ಪರದೇಶದ ಬಂದರಿನಲ್ಲಿ ನಿಲ್ಲುವುದು ಸಣ್ಣ ವಿಷಯ ಅಲ್ಲ. ನಮ್ಮ ಕರಾವಳಿಯಲ್ಲಿ ಹಡಗು ಕೆಲಸಕ್ಕೆ ಹೋದವರ ಮನೆಗಳನ್ನು ನೋಡಿದವರಿಗೆ ಅದರ ಬೆಲೆ ಗೊತ್ತು.

ಇನ್ನೊಂದು ಅಕ್ಕಿ ವಿಷಯ. 1946ರಲ್ಲಿ ಮದ್ರಾಸ್, ಮೈಸೂರು, ಬೊಂಬಾಯಿ ಕಡೆ ಮಳೆ ಕೈಕೊಟ್ಟು ಅಕ್ಕಿಗೆ ಹಾಹಾಕಾರ ಇತ್ತು. ಆಗ ಇಂಡೋನೇಷ್ಯಾದ ಪ್ರಧಾನಿ ಸುತಾನ್ ಶಹರೀರ್ ಭಾರತಕ್ಕೆ 5 ಲಕ್ಷ ಟನ್ ಅಕ್ಕಿ ಕೊಡುತ್ತೇವೆ ಎಂದರು. ಅವರ ದೇಶಕ್ಕೆ ಒಂದು ವರ್ಷ ತುಂಬಿರಲಿಲ್ಲ, ಸುತ್ತ ಡಚ್ ನೌಕಾಪಡೆಯ ದಿಗ್ಬಂಧನ. ಬದಲಿಗೆ ಅವರು ಕೇಳಿದ್ದು ಬಟ್ಟೆ, ಬೇಸಾಯದ ಸಲಕರಣೆ. ಅಷ್ಟೂ ಅಕ್ಕಿ ಬರಲಿಲ್ಲ ನಿಜ. ಆದರೂ ಎರಡು ದೇಶಗಳು ಡಚ್ಚರನ್ನು ಕೇಳದೆ ತಾವೇ ವ್ಯವಹಾರ ಕುದುರಿಸಿದವಲ್ಲ, ಅದು ಡಚ್ಚರಿಗೆ ಸರಿಯಾದ ಪೆಟ್ಟು.

ಲೆಕ್ಕಪತ್ರ:
ಎಲ್ಲ ಸರಿ, ಆದರೆ ಭಾವನೆಯಿಂದ ಯುದ್ಧ ನಿಲ್ಲುವುದಿಲ್ಲ ಸ್ನೇಹಿತರೇ. ನಾನು ದುಡ್ಡಿನ ಕಡೆ ನಿಲ್ಲುತ್ತೇನೆ.

ಡಚ್ಚರು ಒಪ್ಪಂದ ಮಾಡಿಕೊಳ್ಳುವುದು, ಮುರಿಯುವುದು, ಇದೇ ಮಾಡಿದರು. 1947ರ ಮಾರ್ಚ್ 25ಕ್ಕೆ ಲಿಂಗರ್ಜಾತಿ ಒಪ್ಪಂದಕ್ಕೆ ಸಹಿ ಹಾಕಿದರು. ಜಾವಾ, ಮದುರಾ, ಸುಮಾತ್ರಾ ಸುಕರ್ಣೋ ಅವರ ಗಣರಾಜ್ಯದ ಕೈಯಲ್ಲಿದೆ ಎಂದು ಒಪ್ಪಿದರು. 4 ತಿಂಗಳಾಗುವ ಮೊದಲೇ, ಜುಲೈ 21ಕ್ಕೆ, ದಾಳಿ. 1948ರ ಜನವರಿ 17ಕ್ಕೆ ರೆನ್‌ವಿಲ್ ಎಂಬ ಅಮೆರಿಕದ ಹಡಗಿನಲ್ಲಿ ಕೂತು ಇನ್ನೊಂದು ಒಪ್ಪಂದ. ಅದೇ ಡಿಸೆಂಬರ್ 19ಕ್ಕೆ ಮತ್ತೆ ದಾಳಿ. ಅಲ್ಲಿವರೆಗೆ ಅಮೆರಿಕ ತಡೆದದ್ದು ಎಲ್ಲಿ? ಯುರೋಪಿನಲ್ಲಿ ಡಚ್ಚರು ಅವರಿಗೆ ಬೇಕಿತ್ತು.

ಮನಸ್ಸು ಬದಲಾದದ್ದು 1948ರ ಸೆಪ್ಟೆಂಬರ್‌ನಲ್ಲಿ. ಮಾದಿಯೂನ್‌ನಲ್ಲಿ ಕಮ್ಯುನಿಸ್ಟರು ಎದ್ದಾಗ ಸುಕರ್ಣೋ, ಹತ್ತಾ ಸರ್ಕಾರವೇ ಅವರನ್ನು ಬಗ್ಗುಬಡಿಯಿತು. ಇವರು ಕಮ್ಯುನಿಸ್ಟರಲ್ಲ ಎಂದು ವಾಷಿಂಗ್ಟನ್‌ಗೆ ಆಗ ನಂಬಿಕೆ ಬಂತು. ಡಿಸೆಂಬರ್ ದಾಳಿಯಾದ ಕೂಡಲೇ ಅಲ್ಲಿ ಡಚ್ಚರು ಆಳುತ್ತಿದ್ದ ಇಂಡೀಸ್‌ಗೆ ಹೋಗುತ್ತಿದ್ದ ಮಾರ್ಷಲ್ ಯೋಜನೆಯ (ಯುದ್ಧದಿಂದ ಹಾಳಾದ ಯುರೋಪಿಗೆ ಅಮೆರಿಕ ಕೊಡುತ್ತಿದ್ದ ನೆರವು) ಹಣ ನಿಂತಿತು. ನೆದರ್‌ಲ್ಯಾಂಡ್ಸ್‌ಗೆ ಬರುವುದೂ ನಿಲ್ಲಬಹುದೆಂಬ ಮಾತು ಬಂತು. ಡಚ್ಚರ ಸೊಂಟ ಮುರಿದದ್ದು ಅಲ್ಲಿ.

ನಿವೃತ್ತ_ಮೇಷ್ಟ್ರು:
ಲೆಕ್ಕಪತ್ರ ಅವರೇ, ನಿಮ್ಮ ದಿನಾಂಕಗಳೆಲ್ಲ ಸರಿ. ಆದರೆ ಒಂದು ಕೇಳುತ್ತೇನೆ. ಡಿಸೆಂಬರ್ 19ಕ್ಕೇ ಗಣರಾಜ್ಯ ಸತ್ತುಹೋಗಿದ್ದರೆ ಅಮೆರಿಕ ಯಾರ ಪರವಾಗಿ ಒತ್ತಡ ಹಾಕುತ್ತಿತ್ತು? ಮುಗಿದ ಕೆಲಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಡಚ್ಚರೂ ಅದನ್ನೇ ನಂಬಿದ್ದರು. ಒಂದೇ ಏಟಿಗೆ ಮುಗಿಸಿಬಿಟ್ಟರೆ ಲೋಕ ನಾಲ್ಕು ದಿನ ಕೂಗಾಡಿ ಸುಮ್ಮನಾಗುತ್ತದೆ ಎಂದು.

ಆ ದಿನ ಏನಾಯಿತು ನೋಡಿ. ಗಣರಾಜ್ಯದ ರಾಜಧಾನಿ ಆಗ ಯೋಗ್ಯಕರ್ತ. ಬೆಳಗಿನ ಜಾವ ಮಗುವೊ ವಿಮಾನ ನಿಲ್ದಾಣದ ಮೇಲೆ ಪ್ಯಾರಾಚೂಟ್ ಸೈನಿಕರು ಇಳಿದರು. ಸಂಜೆಯೊಳಗೆ ಊರು ಡಚ್ಚರ ಕೈಯಲ್ಲಿ. ಸುಕರ್ಣೋ, ಹತ್ತಾ, ಶಹರೀರ್ ಮೂವರೂ ಸೆರೆ. ಸಂಧಾನಕ್ಕೆ ಬಂದಿದ್ದ ವಿಶ್ವಸಂಸ್ಥೆಯ ಸಮಿತಿಯವರು ಹತ್ತಿರದ ಕಾಲಿಯುರಾಂಗ್ ಬೆಟ್ಟದಲ್ಲೇ ಇದ್ದರು, ಡಚ್ಚರು ಅವರ ಮುಖವನ್ನೂ ನೋಡಲಿಲ್ಲ. ಒಂದು ದೇಶದ ಇಡೀ ನಾಯಕತ್ವ ಒಂದೇ ದಿನದಲ್ಲಿ ಬಲೆಗೆ ಬಿತ್ತು.

ಆದರೆ ದೇಶ ಬೀಳಲಿಲ್ಲ. ಸುಮಾತ್ರಾದ ಬುಕಿಟಿಂಗಿಯಲ್ಲಿದ್ದ ಸಚಿವ ಶಫ್ರುದ್ದೀನ್ ಪ್ರವೀರನೆಗಾರ ತುರ್ತು ಸರ್ಕಾರ ಕಟ್ಟಿ, ಕಾಡುಮೇಡಿನಲ್ಲಿ ಓಡಾಡುತ್ತ ರೇಡಿಯೋದಲ್ಲಿ ‘ನಾವಿದ್ದೇವೆ’ ಎಂದು ಸಾರುತ್ತಲೇ ಇದ್ದರು. ಸೇನಾಪತಿ ಸುದೀರ್ಮನ್‌ಗೆ ಆಗಿನ್ನೂ 32 ವರ್ಷ. ಕ್ಷಯ ತಿಂದು ಒಂದೇ ಶ್ವಾಸಕೋಶದಲ್ಲಿ ಉಸಿರಾಡುತ್ತಿದ್ದರು. ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದರು ವೈದ್ಯರು. ಅವರು ಡೋಲಿ ಏರಿ ಬೆಟ್ಟಕ್ಕೆ ಹೋದರು. ಹಳ್ಳಿ ಜನ ಸರದಿಯ ಮೇಲೆ ಹೊತ್ತು, ಒಂದೂರಿಂದ ಇನ್ನೊಂದೂರಿಗೆ ದಾಟಿಸಿ, ಸುಮಾರು 7 ತಿಂಗಳು ಅವರನ್ನು ಡಚ್ಚರ ಕೈಗೆ ಸಿಗದ ಹಾಗೆ ಕಾಪಾಡಿದರು. ಔಷಧಿ ಇಲ್ಲ, ಸರಿಯಾದ ಊಟ ಇಲ್ಲ. ಸ್ವಾತಂತ್ರ್ಯ ಕೈಗೆ ಬಂದ ಮುಂದಿನ ತಿಂಗಳೇ, 1950ರ ಜನವರಿಯಲ್ಲಿ, ತೀರಿಕೊಂಡರು.

ಇನ್ನು ಮಾರ್ಚ್ 1, 1949. ಯೋಗ್ಯಕರ್ತದಲ್ಲಿ ಬೆಳಿಗ್ಗೆ 6ಕ್ಕೆ ಕರ್ಫ್ಯೂ ಮುಗಿದ ಸೈರನ್ ಕೂಗುತ್ತಿತ್ತು. ಆ ಸೈರನ್ನೇ ಸಂಕೇತ. ಅದು ಕೂಗಿದ್ದೇ ತಡ, ನಾಲ್ಕೂ ಕಡೆಯಿಂದ ಗೆರಿಲ್ಲಾಗಳು ನುಗ್ಗಿದರು. 6 ಗಂಟೆ ಹೊತ್ತು ಊರು ಅವರ ಕೈಯಲ್ಲಿತ್ತು, ಮಧ್ಯಾಹ್ನ ತಾವಾಗಿಯೇ ಹಿಂದೆ ಸರಿದರು. ಊರಿನ ಸುಲ್ತಾನ್ 9ನೇ ಹಮೆಂಕುಬುವೊನೊ ಡಚ್ಚರು ಕೊಟ್ಟ ಆಸೆಗೆಲ್ಲ ಬೆನ್ನು ತೋರಿಸಿ ಗಣರಾಜ್ಯದ ಕಡೆ ನಿಂತಿದ್ದರು. ಊರು ಉಳಿಸಿಕೊಳ್ಳುವುದು ಆ ದಾಳಿಯ ಉದ್ದೇಶವೇ ಆಗಿರಲಿಲ್ಲ. ಗಣರಾಜ್ಯ ಇನ್ನೂ ಉಸಿರಾಡುತ್ತಿದೆ ಎಂದು ಲೋಕಕ್ಕೆ ತೋರಿಸಬೇಕಿತ್ತು. ಹತ್ತಿರದ ಹಳ್ಳಿಯಲ್ಲಿ ಬಚ್ಚಿಟ್ಟಿದ್ದ ರೇಡಿಯೋದಿಂದ ಆ ಸುದ್ದಿ ಹೊರಗೆ ಹೋಯಿತು.

ಡಚ್ಚರು ಹಿಡಿಯಬೇಕೆಂದುಕೊಂಡ ತೋಟ ಹಿಡಿದರು, ಆದರೆ ಬೆಳೆ ತೆಗೆಯಲಾಗಲಿಲ್ಲ. ರಸ್ತೆಯಲ್ಲಿ ಲಾರಿ ಓಡಿದರೆ ನೆಲಬಾಂಬ್ ಸಿಡಿಯುತ್ತಿತ್ತು. ರಾತ್ರಿಯಾದರೆ ಕಾರ್ಖಾನೆಗೆ ಬೆಂಕಿ. ಲಾಭಕ್ಕೆಂದು ಶುರು ಮಾಡಿದ ಯುದ್ಧ ದಿನದಿನಕ್ಕೆ ನಷ್ಟವಾಯಿತು. ಅಮೆರಿಕದ ಮಾತಿಗೆ ತೂಕ ಬಂದದ್ದು ಇದರಿಂದ.

ಲೆಕ್ಕಪತ್ರ:
ಮೇಷ್ಟ್ರೇ, ತೋಟದಿಂದ ಆದಾಯವೇ ಬರುತ್ತಿರಲಿಲ್ಲ ಎಂಬ ಮಾತು ದುಡ್ಡಿನ ಲೆಕ್ಕಕ್ಕೂ ಸೇರುತ್ತದೆ. ಅಷ್ಟರಮಟ್ಟಿಗೆ ಒಪ್ಪುತ್ತೇನೆ. ಆದರೂ ಹಣದ ಬೆದರಿಕೆ ಇಲ್ಲದಿದ್ದರೆ ಈ ಹೋರಾಟ ಇನ್ನೂ 5-6 ವರ್ಷ ಎಳೆದಿರುತ್ತಿತ್ತು. ಪಕ್ಕದ ವಿಯೆಟ್ನಾಮಿನಲ್ಲಿ ಫ್ರೆಂಚರು 1954ರವರೆಗೆ ಹಿಡಿದು ಕೂತಿದ್ದರು, ಯಾಕೆಂದರೆ ಅಲ್ಲಿ ಅಮೆರಿಕ ಫ್ರೆಂಚರಿಗೆ ಹಣ ಸುರಿಯಿತು.

ಹಳೇಪೇಟೆ_ಓದುಗ:
ಈ ಹೋಲಿಕೆ ಚೆನ್ನಾಗಿದೆ. ಎರಡೂ ಕಡೆ ಜನ ಬಗ್ಗಲಿಲ್ಲ, ಆದರೆ ದುಡ್ಡು ಎತ್ತ ಹರಿಯಿತು ಎಂಬುದರಿಂದ ಎಷ್ಟು ಜೀವ ಹೋಗಬೇಕು ಎನ್ನುವುದು ತೀರ್ಮಾನವಾಯಿತು.

ವಿಮಾನಗಳ ಕತೆ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಮೊದಲ ದಾಳಿ ನಡೆಯುತ್ತಿದ್ದಾಗಲೇ ಒಡಿಶಾದ ಬಿಜು ಪಟ್ನಾಯಕ್ ತಾವೇ ಡಕೋಟ ಓಡಿಸಿಕೊಂಡು ಜಾವಾಕ್ಕೆ ಹೋಗಿ ಶಹರೀರ್ ಅವರನ್ನು ಹೊರಗೆ ತಂದರು. ಜೊತೆಗೆ ಅವರ ಹೆಂಡತಿಯೂ ಇದ್ದರು. ಆ ಶಹರೀರ್ ಆಗಸ್ಟ್ 14ಕ್ಕೆ ಭದ್ರತಾ ಮಂಡಳಿಯಲ್ಲಿ ನಿಂತು ತಮ್ಮ ದೇಶದ ಪರ ಮಾತಾಡಿದರು. ಅದಕ್ಕೂ ಮೊದಲು ಜುಲೈ 30ಕ್ಕೆ ಭಾರತ, ಆಸ್ಟ್ರೇಲಿಯಾ ಈ ವಿಷಯವನ್ನು ಮಂಡಳಿಗೆ ಒಯ್ದಿದ್ದವು. ನಮಗೆ ಸ್ವಾತಂತ್ರ್ಯ ಬರಲು ಇನ್ನೂ 2 ವಾರ ಬಾಕಿ ಇತ್ತು!

ಜುಲೈ 29ರದು ನೋವಿನ ಕತೆ. ಬಿಜು ಪಟ್ನಾಯಕ್ ಅವರದೇ ಇನ್ನೊಂದು ಡಕೋಟ ಸಿಂಗಾಪುರದಿಂದ ರೆಡ್‌ಕ್ರಾಸ್ ಔಷಧಿ ತುಂಬಿಕೊಂಡು ಯೋಗ್ಯಕರ್ತಕ್ಕೆ ಬರುತ್ತಿತ್ತು. ಇಳಿಯುವ ಹೊತ್ತಿಗೆ ಡಚ್ ಯುದ್ಧವಿಮಾನಗಳು ಹೊಡೆದು ಉರುಳಿಸಿದವು. ಒಳಗಿದ್ದ 9 ಜನರಲ್ಲಿ 8 ಮಂದಿ ಸತ್ತರು. ಪೈಲಟ್ ಆಸ್ಟ್ರೇಲಿಯಾದವರು, ಸಹ ಪೈಲಟ್ ಬ್ರಿಟಿಷ್, ಎಂಜಿನಿಯರ್ ಭಾರತೀಯ. ಸತ್ತವರಲ್ಲಿ ಮೂವರ ಹೆಸರು ನಂತರ ಯೋಗ್ಯಕರ್ತ, ಮಲಾಂಗ್, ಸೋಲೊ ವಿಮಾನ ನಿಲ್ದಾಣಗಳಿಗೆ ಬಂತು: ಅದಿಸುಚಿಪ್ತೊ, ಅಬ್ದುಲ್‌ರಹಮಾನ್ ಸಲೇಹ್, ಅದಿ ಸುಮಾರ್ಮೊ.

ಸುಮಾತ್ರಾದ ಆಚೆ (Aceh) ಪ್ರಾಂತ್ಯದ ಜನ ಚಿನ್ನ ಕೂಡಿಸಿ ಕೊಡಿಸಿದ ‘ಸೆಉಲಾವಾ’ ಎಂಬ ಡಕೋಟ 1948ರ ಡಿಸೆಂಬರ್‌ನಲ್ಲಿ ರಿಪೇರಿಗೆಂದು ಕಲ್ಕತ್ತಕ್ಕೆ ಬಂದಿತ್ತು. ಅಷ್ಟರಲ್ಲಿ ರಾಜಧಾನಿಯೇ ಬಿತ್ತು. ವಾಪಸ್ ಹೋಗಲು ದೇಶವೇ ಇಲ್ಲದ ವಿಮಾನ! ಅದು ಬರ್ಮಾಕ್ಕೆ ಹೋಗಿ ಬಾಡಿಗೆಗೆ ಹಾರಿ ಗಣರಾಜ್ಯಕ್ಕೆ ದುಡ್ಡು ದುಡಿಯಿತು.

ಡಚ್_ನಾಡಿನ_ಕನ್ನಡತಿ:
ನಾನು ಐಂಡ್‌ಹೋವನ್ ಹತ್ತಿರ ಇದ್ದೇನೆ, ಇಲ್ಲಿನ ಕಡೆಯದನ್ನೂ ಹೇಳಬೇಕು ಅನಿಸಿತು.

ರೂರ್‌ಮೊಂಡ್ ಎಂಬ ಊರಿನಲ್ಲಿ ಆ ಯುದ್ಧದಲ್ಲಿ ಸತ್ತ ಡಚ್ ಸೈನಿಕರ ಸ್ಮಾರಕ ಇದೆ. 6,000ಕ್ಕೂ ಹೆಚ್ಚು ಹೆಸರು ಕೊರೆದಿದ್ದಾರೆ. ಇಲ್ಲಿಂದ 1 ಲಕ್ಷಕ್ಕೂ ಹೆಚ್ಚು ಹುಡುಗರನ್ನು ಕಳಿಸಿದ್ದರು. ಬಹಳಷ್ಟು ಜನ ಕಡ್ಡಾಯ ಸೇವೆಯವರು, 20 ವರ್ಷದ ಆಸುಪಾಸು, ಜರ್ಮನ್ನರ ಬೂಟಿನ ಕೆಳಗಿನಿಂದ ಆಗಷ್ಟೇ ಎದ್ದವರು. ಹೋಗುವುದಿಲ್ಲ ಎಂದವರು ಜೈಲು ಸೇರಿದರು.

ಅವರು ಅಲ್ಲಿ ಮಾಡಿದ್ದನ್ನು ಇಲ್ಲಿನವರು ಬಹಳ ಕಾಲ ಮಾತಾಡಲಿಲ್ಲ. 1947ರ ಡಿಸೆಂಬರ್ 9ಕ್ಕೆ ಪಶ್ಚಿಮ ಜಾವಾದ ರಾವಗೆಡೆ ಎಂಬ ಹಳ್ಳಿಗೆ ಒಬ್ಬ ಹೋರಾಟಗಾರನನ್ನು ಹುಡುಕಿಕೊಂಡು ಹೋದರು. ಆತ ಸಿಗಲಿಲ್ಲ. ಊರಿನ ಗಂಡಸರನ್ನು ಸಾಲಾಗಿ ನಿಲ್ಲಿಸಿ ಕೊಂದರು. ಊರವರ ಲೆಕ್ಕದಲ್ಲಿ 431 ಜನ. ಅವರ ಹೆಂಡತಿಯರು ಮುದುಕಿಯರಾದ ಮೇಲೆ ಹೇಗ್ ನಗರದಲ್ಲಿ ದಾವೆ ಹೂಡಿದರು. 2011ರಲ್ಲಿ ಕೋರ್ಟು ಡಚ್ ಸರ್ಕಾರವೇ ಹೊಣೆ ಎಂದಿತು. ತಲಾ 20,000 ಯೂರೊ ಪರಿಹಾರ ಸಿಕ್ಕಿತು. ತೀರ್ಪು ಬರುವಷ್ಟರಲ್ಲಿ ಆ ವಿಧವೆಯರಲ್ಲಿ ಬದುಕಿದ್ದವರು ಕೆಲವರೇ. ದಕ್ಷಿಣ ಸುಲವೇಸಿಯಲ್ಲಿ ವೆಸ್ಟರ್ಲಿಂಗ್ ಎಂಬ ಕ್ಯಾಪ್ಟನ್‌ನ ಪಡೆ ವಿಚಾರಣೆಯೇ ಇಲ್ಲದೆ ಸಾವಿರಾರು ಜನರನ್ನು ಕೊಂದಿತ್ತು.

2022ರ ಫೆಬ್ರವರಿಯಲ್ಲಿ ಇಲ್ಲಿನ ಸಂಶೋಧಕರ ದೊಡ್ಡ ವರದಿ ಹೊರಬಂತು. ಡಚ್ ಸೈನ್ಯದ ಅತಿರೇಕದ ಹಿಂಸೆ ಅಲ್ಲೊಂದು ಇಲ್ಲೊಂದು ನಡೆದದ್ದಲ್ಲ, ವ್ಯಾಪಕವಾಗಿತ್ತು, ಮೇಲಿನವರು ಗೊತ್ತಿದ್ದೂ ನಡೆಯಲು ಬಿಟ್ಟರು ಎಂದು ಅದರಲ್ಲಿತ್ತು. ಪ್ರಧಾನಿ ರುಟ್ಟೆ ಕ್ಷಮೆ ಕೇಳಿದರು. 1945ರ ಆಗಸ್ಟ್ 17ನ್ನೇ ಪೂರ್ತಿಯಾಗಿ ಒಪ್ಪುತ್ತೇವೆ ಎಂದು ಅವರು ಹೇಳಿದ್ದು 2023ರಲ್ಲಿ.

ಇನ್ನೊಂದನ್ನೂ ಬಿಡಬಾರದು. 1945ರ ಕೊನೆಯಲ್ಲಿ ಇಂಡೋನೇಷ್ಯಾದ ಕೆಲವು ಗುಂಪುಗಳು ಡಚ್, ಮಿಶ್ರರಕ್ತದ, ಚೀನೀ, ಅಂಬೋನ್ ಮೂಲದ ಸಾಮಾನ್ಯ ಜನರನ್ನು, ಹೆಂಗಸರು ಮಕ್ಕಳನ್ನೂ ಸೇರಿಸಿ, ಸಾವಿರಗಟ್ಟಲೆ ಕೊಂದರು. ಡಚ್ಚರ ಪರ ಹೋರಾಡಿದ ಮಲುಕು ದ್ವೀಪಗಳ ಸೈನಿಕರನ್ನು, ಕುಟುಂಬಗಳ ಸಮೇತ ಸುಮಾರು 12,500 ಜನರನ್ನು, 1951ರಲ್ಲಿ ಇಲ್ಲಿಗೆ ಕರೆತಂದರು. ಸ್ವಲ್ಪ ದಿನದ ಮಟ್ಟಿಗೆ ಎಂದು ಹೇಳಿ ಹಳೆಯ ಕ್ಯಾಂಪುಗಳಲ್ಲಿ ಇಟ್ಟರು. ಅವರ ಮೊಮ್ಮಕ್ಕಳು ಈಗಲೂ ಇಲ್ಲೇ ಇದ್ದಾರೆ. ನೋವು ಒಂದೇ ಕಡೆಯದಲ್ಲ. ಆದರೆ ಇದನ್ನೆಲ್ಲ ಶುರು ಮಾಡಿದ್ದು ಬಿಟ್ಟುಹೋಗಲು ಒಪ್ಪದ ಆ ಹಟ. ಅದರಲ್ಲಿ ನನಗೆ ಅನುಮಾನ ಇಲ್ಲ.

ಕರಾವಳಿ_ಗಾಳಿ:
ಮೇಡಂ, ಅಲ್ಲೇ ಇದ್ದುಕೊಂಡು ಎರಡೂ ಕಡೆಯದನ್ನು ಬರೆದಿರಿ, ತುಂಬ ಥ್ಯಾಂಕ್ಸ್. ಒಂದು ಸಂದೇಹ. ಕೊನೆಯ ಒಪ್ಪಂದದಲ್ಲಿ ಇಂಡೋನೇಷ್ಯಾವೇ ಡಚ್ಚರಿಗೆ ದುಡ್ಡು ಕೊಡಬೇಕಾಯಿತು ಎನ್ನುತ್ತಾರಲ್ಲ, ಅದು ಹೇಗೆ?

ಲೆಕ್ಕಪತ್ರ:
ಇದು ನನ್ನ ವಿಭಾಗ, ನಾನು ಹೇಳುತ್ತೇನೆ.

1949ರ ಜನವರಿಯಲ್ಲಿ ನೆಹರೂ ದೆಹಲಿಯಲ್ಲಿ ಏಷ್ಯಾದ ದೇಶಗಳ ಸಭೆ ಕರೆದರು. ಡಚ್ ವಿಮಾನಗಳಿಗೆ ನಮ್ಮ ಆಕಾಶವನ್ನು ಆಗಲೇ ಮುಚ್ಚಿಯಾಗಿತ್ತು. ಅದೇ ತಿಂಗಳು 28ಕ್ಕೆ ಭದ್ರತಾ ಮಂಡಳಿ ಸೆರೆಯಾದ ನಾಯಕರನ್ನು ಬಿಡಿ, ಅಧಿಕಾರ ಹಸ್ತಾಂತರಿಸಿ ಎಂದಿತು. ಮೇ 7ಕ್ಕೆ ಇಂಡೋನೇಷ್ಯಾ ಕಡೆಯ ರೂಮ್ ಮತ್ತು ಡಚ್ಚರ ಕಡೆಯ ವಾನ್ ರೊಯೆನ್ ನಡುವೆ ಒಪ್ಪಂದ. ಜುಲೈನಲ್ಲಿ ಸುಕರ್ಣೋ ಯೋಗ್ಯಕರ್ತಕ್ಕೆ ಮರಳಿದರು. ಆಗಸ್ಟ್ 23ರಿಂದ ನವೆಂಬರ್ 2ರವರೆಗೆ ಹೇಗ್‌ನಲ್ಲಿ ದುಂಡುಮೇಜಿನ ಸಭೆ.

ಜಗಳ ಜಾಸ್ತಿ ಆದದ್ದು ಎರಡೇ ವಿಷಯಕ್ಕೆ. ಒಂದು ಪಶ್ಚಿಮ ನ್ಯೂಗಿನಿ. ಅದನ್ನು ಡಚ್ಚರು ಬಿಟ್ಟುಕೊಡಲಿಲ್ಲ. 1962ರಲ್ಲಿ ಮತ್ತೆ ಯುದ್ಧದ ಅಂಚಿಗೆ ಬಂದು, ಅಮೆರಿಕ ನಡುವೆ ಬಂದ ಮೇಲೆ ಒಪ್ಪಿದರು. 1963ರಲ್ಲಿ ಅದು ಇಂಡೋನೇಷ್ಯಾದ ಆಡಳಿತಕ್ಕೆ ಹೋಯಿತು. ಅಲ್ಲಿನ ಪಪುವಾ ಜನರನ್ನು ಯಾರೂ ಸರಿಯಾಗಿ ಕೇಳಲಿಲ್ಲ ಎಂಬ ದೂರು ಇವತ್ತಿಗೂ ಇದೆ, ಅದಕ್ಕೇ ಬೇರೆ ಚರ್ಚೆ ಬೇಕು.

ಇನ್ನೊಂದು ಸಾಲ. ವಸಾಹತು ಸರ್ಕಾರ ಮಾಡಿಟ್ಟಿದ್ದ ಸಾಲವನ್ನು ಹೊಸ ದೇಶ ಹೊರಬೇಕು ಎಂದರು ಡಚ್ಚರು. ಅದರಲ್ಲಿ ಗಣರಾಜ್ಯವನ್ನೇ ಹೊಸಕಲು ಮಾಡಿದ ಸೈನಿಕ ಖರ್ಚೂ ಸೇರಿತ್ತು! ಇಂಡೋನೇಷ್ಯಾದವರು ಹೊಡೆದಾಡಿ ಒಂದಷ್ಟು ಇಳಿಸಿದರು. ಕೊನೆಗೆ ಸುಮಾರು 4.3 ಬಿಲಿಯನ್ ಗಿಲ್ಡರ್ ಒಪ್ಪಿಕೊಂಡರು. ಒಪ್ಪದಿದ್ದರೆ ಸಹಿ ಇಲ್ಲ, ಸಹಿ ಇಲ್ಲದಿದ್ದರೆ ಮತ್ತೆ ಯುದ್ಧ. ವರ್ಷಗಳ ಕಾಲ ಕಂತು ಕಟ್ಟಿದರು. 1956ರಲ್ಲಿ ಸುಕರ್ಣೋ ಸರ್ಕಾರ ಆ ಒಪ್ಪಂದವನ್ನೇ ರದ್ದು ಮಾಡಿ, ಉಳಿದ ಸಾಲ ಕೊಡುವುದಿಲ್ಲ ಎಂದಿತು. ಮುಂದಿನ ಎರಡು ವರ್ಷದಲ್ಲಿ ಡಚ್ ಕಂಪನಿಗಳ ತೋಟ, ಬ್ಯಾಂಕು, ಹಡಗು ವ್ಯವಹಾರ ಎಲ್ಲ ಸರ್ಕಾರದ ಕೈಗೆ ಬಂದವು. 1947ರಲ್ಲಿ ಬಂದೂಕು ಹಿಡಿದು ಬಂದದ್ದು ಅದೇ ತೋಟಗಳಿಗಾಗಿ.